ಮಣಿಕಟ್ಟಿನ ಗೆರೆ

ಗುಂಪಿನ ಫೋಟೋಕ್ಕೆ ನಿಲ್ಲುವಾಗ ತುದಿಯಲ್ಲಿ ನಿಲ್ಲಬೇಡಿ. ನನ್ನ ಅಂಗಡಿಗೆ ಬಂದವರಿಗೆ ನಾನು ಪುಕ್ಕಟೆ ಕೊಡುವ ಸಲಹೆ ಇದೊಂದೇ, ಉಳಿದದ್ದಕ್ಕೆಲ್ಲ ಚೌಕಾಸಿ ಇದ್ದದ್ದೇ. ತುದಿಯಲ್ಲಿ ನಿಂತವರನ್ನು ತೆಗೆಯುವುದಕ್ಕೆ ಒಂದು ಗೆರೆ ಸಾಕು. ನಡುವೆ ನಿಂತವರನ್ನು ತೆಗೆಯಬೇಕಾದರೆ ಇಡೀ ಫೋಟೋ ಕೆಡಿಸಬೇಕು, ಅಷ್ಟು ಧೈರ್ಯ ಯಾವ ಮನೆಯವರಿಗೂ ಇರುವುದಿಲ್ಲ. ಮದುವೆ ಹಂದರದಲ್ಲಿ ಯಾರಾದರೂ ನಿಮ್ಮ ತೋಳು ಹಿಡಿದು ಬಲು ಪ್ರೀತಿಯಿಂದ ಕೊನೆಗೆ ಸರಿಸಿದರೆ, ಅವರು ನಿಮ್ಮನ್ನು ಕೊಯ್ದು ಹಾಕುವ ಯೋಚನೆಯನ್ನು ಆಗಲೇ ಮಾಡಿದ್ದಾರೆ ಅಂತ ತಿಳಿಯಿರಿ. ನಗುನಗುತ್ತ ಹೋಗಿ ಮದುಮಗಳ ಬೆನ್ನ ಹಿಂದೆ ನಿಂತುಬಿಡಿ. ಈಗ ಗಂಗಾವತಿಯಲ್ಲಿ ನನ್ನ ಅಂಗಡಿಯಲ್ಲಿ ನಾಲ್ಕು ಕಂಪ್ಯೂಟರ್ ಇವೆ, ನಾಲ್ಕು ಹುಡುಗಿಯರು ಕೂತು ಆಲ್ಬಮ್ ಮಾಡುತ್ತಾರೆ. ವಾರಕ್ಕೆ ಒಬ್ಬರಾದರೂ ಫೋನ್ ಮುಂದೆ ಹಿಡಿದು, "ಅಕ್ಕಾರ, ಇವನ್ನ ತಗದು ಬಿಡ್ರಿ" ಎನ್ನುತ್ತಾರೆ. ಅಳಿಯ ಇರಬಹುದು, ಬೇರೆಯಾದ ತಮ್ಮ ಇರಬಹುದು. ಯಾಕೆ ಎಂದು ನಾನು ಕೇಳುವುದಿಲ್ಲ. ಕೇಳುವುದಿಲ್ಲ ಎಂಬ ಕಾರಣಕ್ಕೇ ಅವರು ಬೇರೆ ಅಂಗಡಿ ದಾಟಿ ನನ್ನಲ್ಲಿಗೆ ಬರುತ್ತಾರೆ. ಈ ಕಸುಬನ್ನೂ, ಕೇಳದೆ ಇರುವುದನ್ನೂ ನಾನು ಕಲಿತದ್ದು ಕುಷ್ಟಗಿಯ ನಮ್ಮ ಮನೆಯಲ್ಲಿ.

ಉದ್ದನೆಯ ಮನೆ ಅದು, ಒಂದರ ಹಿಂದೆ ಒಂದು ಕೋಣೆ. ಬೀದಿಗೆ ಹತ್ತಿದ ಮೊದಲ ಕೋಣೆ ಅಪ್ಪನ ಸ್ಟುಡಿಯೋ. ಅಲ್ಲಿ ಒಂದು ಗೋಡೆಗೆ ತೋಟ, ಕಾರಂಜಿ, ಎರಡು ಹಂಸಗಳನ್ನು ಬರೆದ ಪರದೆ. ಅದರ ಮುಂದೆ ಕೈಯಿರುವ ಒಂದು ಕುರ್ಚಿ. ಸ್ಟುಡಿಯೋದ ಹಿಂದೆ ಪಡಸಾಲೆ. ಪಡಸಾಲೆಗೆ ಹೊಂದಿಕೊಂಡು, ಒಂದು ಕಾಲಕ್ಕೆ ಜೋಳದ ಚೀಲ ಒಟ್ಟುತ್ತಿದ್ದ ಕಿಟಕಿಯಿಲ್ಲದ ಕೋಣೆ. ಅದನ್ನು ಅಪ್ಪ ಡಾರ್ಕ್ ರೂಮ್ ಮಾಡಿಕೊಂಡಿದ್ದ. ಅಲ್ಲಿ ಔಷಧದ ಘಾಟು, ಅದರ ಅಡಿಯಲ್ಲಿ ಹಳೆಯ ಜೋಳದ ವಾಸನೆ. ಕೊನೆಗೆ ಅಡಿಗೆಮನೆ, ಹಿತ್ತಲು. ಮನೆಯ ಯಜಮಾನಿಕೆ ಅಪ್ಪನದಲ್ಲ, ಅವನ ತಾಯಿಯದು. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಕ್ಯಾಮೆರಾ ಮುಟ್ಟಿದವಳಲ್ಲ, ಆದರೆ ಮನೆಯನ್ನು ಅವಳು ಫೋಟೋ ಜೋಡಿಸಿದ ಹಾಗೆ ಜೋಡಿಸಿದ್ದಳು. ಸ್ಟುಡಿಯೋದಿಂದ ಪಡಸಾಲೆಗೆ ಬರುವ ಬಾಗಿಲ ಪರದೆ ಎತ್ತಿದವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ಕೊಡಗಳ ಸಾಲು. ಆಮೇಲೆ ಮಂಚ, ಮಂಚದ ಮೇಲೆ ಆಯಿ. ಕೆಮ್ಮುತ್ತ ಕೂಡುವ ನಮ್ಮ ಅವ್ವ ಗೋಡೆಯ ಮರೆಗೆ. ಚಿಗವ್ವ ಕಾಣಲೇಬಾರದು.

ಚಿಗವ್ವ ಎಂದರೆ ಅಪ್ಪನ ತಮ್ಮನ ಹೆಂಡತಿ, ಶರಣವ್ವ. ಯಲಬುರ್ಗಾ ಕಡೆಯ ಮಂಗಳೂರಿನವಳು. ಮದುವೆಯಾಗಿ ಬಂದ ಎರಡನೇ ವರ್ಷ ಚಿಗಪ್ಪ ಹೊಲದಲ್ಲಿ ಪಂಪಿನ ಕರೆಂಟು ಹಿಡಿದು ಸತ್ತ. ಮಕ್ಕಳಿರಲಿಲ್ಲ. ತವರಿಗೆ ಹೋಗುತ್ತೇನೆಂದರೆ ಆಯಿ, "ಮಗನ್ನ ತಿಂದಾಕಿ ಹಂಗ ಹೊಕ್ಕಾಳೇನು?" ಎಂದು ಕೂಡಿಸಿಕೊಂಡಳು. ದುಃಖದಿಂದ ಹಾಗೆ ಅಂದಳೆಂದು ಜನ ತಿಳಿದರು. ನನಗೆ ಮಾತ್ರ ಖರೆ ಕಾರಣ ಆಗಲೇ ಗೊತ್ತಿತ್ತು. ಅವ್ವನಿಗೆ ದಮ್ಮು, ಒಲೆಯ ಮುಂದೆ ಕೂತರೆ ಎದೆ ಗೊರಗೊರ ಎನ್ನುತ್ತಿತ್ತು. ದಿನಕ್ಕೆ ಮೂವತ್ತು ರೊಟ್ಟಿ ಬಡಿಯುವ ಕೈ ಆ ಮನೆಯಲ್ಲಿ ಚಿಗವ್ವನದೊಂದೇ. ನೀರು ಸೇದುವುದು, ದನದ ಸಗಣಿ ಬಳಿಯುವುದು, ಫೋಟೋ ತೊಳೆಯುವ ತಟ್ಟೆಗಳನ್ನು ಹಿತ್ತಲಿಗೆ ಒಯ್ದು ತಿಕ್ಕುವುದು, ಎಲ್ಲ ಅವಳದೇ. ಆ ತಟ್ಟೆಯ ಔಷಧಕ್ಕೆ ಅವಳ ಬೆರಳ ತುದಿಗಳು ಕಂದಿ ಬಿರುಕುಬಿಟ್ಟಿದ್ದವು, ಆ ಬಿರುಕಿಗೆ ಖಾರ ತಾಗಿದಾಗ ಒಮ್ಮೆ ಉಸಿರು ಒಳಗೆಳೆಯುತ್ತಿದ್ದಳು, ಅಷ್ಟೇ ಸದ್ದು. ಊಟಕ್ಕೂ ಒಂದು ಸಾಲಿತ್ತು. ಮೊದಲು ಅಪ್ಪ, ನಾನು. ಆಮೇಲೆ ಆಯಿ, ಅವ್ವ. ಕಡೆಗೆ ಚಿಗವ್ವ ಒಬ್ಬಳೇ, ಬುಟ್ಟಿಯ ತಳದ ಒಣಗಿದ ರೊಟ್ಟಿ, ಪುಂಡಿಪಲ್ಯದ ಗಡಿಗೆಗೆ ಅಂಟಿದ್ದು. ಒಂದು ದಿನ ಅವಳು ಬಿಸಿ ರೊಟ್ಟಿ ಒಂದನ್ನು ತನಗೆಂದು ಎತ್ತಿಟ್ಟುಕೊಂಡಿದ್ದು ಆಯಿಗೆ ಕಂಡಿತು.

"ಯಾರಿಗೆ ತಗದಿಟ್ಟಿ ಅದನ್ನ? ನಿನ್ನ ಗಂಡ ಬರಾಂವ ಅದಾನೇನು?"

ಚಿಗವ್ವ ಆ ರೊಟ್ಟಿಯನ್ನು ಎದ್ದು ಹೋಗಿ ಆಕಳಿಗೆ ಹಾಕಿ ಬಂದಳು. ಆಯಿ ನಕ್ಕಳು. ನಾನೂ ನಕ್ಕೆ. ಗೆಲ್ಲುವವರ ಕಡೆ ಕೂತು ನಗುವುದು ನನಗೆ ಸಣ್ಣಂದಿನಿಂದ ಬರುತ್ತಿತ್ತು.

ಅಪ್ಪ ಮಾತು ಕಡಿಮೆಯ ಮನುಷ್ಯ, ಕೈ ಮಾತ್ರ ಬಲು ಬೇಗ. ಅವನಿಗೆ ಗಂಡುಮಕ್ಕಳಿರಲಿಲ್ಲ, ಹಾಗಾಗಿ ಏಳನೇ ಇಯತ್ತೆಗೆ ಬರುವ ಹೊತ್ತಿಗೆ ಫೋಟೋ ಕೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಡಗಿಯ ಮೂಲೆಮಟ್ಟದ ಆಕಾರದ ಎರಡು ಕಪ್ಪು ರಟ್ಟು ಅವನ ಹತ್ತಿರ ಇದ್ದವು. ಎರಡನ್ನೂ ಎದುರುಬದುರು ಇಟ್ಟರೆ ನಡುವೆ ಒಂದು ಕಿಟಕಿ ಆಗುತ್ತದೆ. ಆ ಕಿಟಕಿಯನ್ನು ಫೋಟೋದ ಮೇಲೆ ಹಿಗ್ಗಿಸಿ, ಕುಗ್ಗಿಸಿ, ಎಲ್ಲಿ ಕೊಯ್ದರೆ ಏನು ಉಳಿಯುತ್ತದೆ ಎಂದು ನೋಡಬೇಕು. ಅಪ್ಪ ರಟ್ಟು ಜರುಗಿಸುತ್ತ ಕೇಳುತ್ತಿದ್ದ.

"ಮೊದಲ ಎಲ್ಲಿ ಹೋತು ಕಣ್ಣು?"

"ಆ ಮುದುಕನ ರುಮಾಲಿಗೆ."

"ಯಾಕ?"

"ಬೆಳ್ಳಗೈತಿ."

"ಆಮ್ಯಾಲೆ?"

"ಅವನ ಕೋಲಿಗೆ."

"ಕೋಲು ಯಾರ ಕಡೆ ತೋರಸ್ತೈತಿ?"

"ಕುಂತಿರೋ ಹುಡುಗಿ ಕಡೆ."

"ಈಗ?" ಎಂದು ರಟ್ಟನ್ನು ಒಂದು ಬೆರಳಷ್ಟು ಸರಿಸುತ್ತಿದ್ದ. ಕೋಲು ಹೋಗುತ್ತಿತ್ತು. ಕೋಲು ಹೋದ ಕೂಡಲೇ ಮುದುಕನಿಗೂ ಹುಡುಗಿಗೂ ಸಂಬಂಧವೇ ಇಲ್ಲದಂತಾಗುತ್ತಿತ್ತು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬಸ್ಸಿಗೆ ಕಾಯುವವರ ಹಾಗೆ. ಉತ್ತರ ತಪ್ಪಿದರೆ ಕಟ್ಟಿಗೆಯ ಅಡಿಪಟ್ಟಿ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಇವತ್ತಿಗೂ ನನ್ನ ಅಂಗಡಿಯ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ನೋಡುವವರು ತಾವೇ ನೋಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಬೆಳಕು ಎಲ್ಲಿದೆಯೋ ಅಲ್ಲಿಗೆ, ಆಮೇಲೆ ಕೈ, ಕೋಲು, ದಾರಿ ಎತ್ತ ತೋರಿಸುತ್ತದೋ ಅತ್ತ, ದನ ಹೊಡೆದುಕೊಂಡು ಹೋದ ಹಾಗೆ ಅವರ ಕಣ್ಣನ್ನು ಹೊಡೆದುಕೊಂಡು ಹೋಗಬೇಕು. ನಾನು ಅಡಿಪಟ್ಟಿಯಿಂದ ಹೊಡೆಯುವುದಿಲ್ಲ. ಆದರೆ ಹೊಡೆಸಿಕೊಂಡು ಕಲಿತದ್ದು ಮರೆಯುವುದಿಲ್ಲ ಎಂಬುದನ್ನೂ ಸುಳ್ಳು ಅನ್ನಲಾರೆ.

ಆ ವರ್ಷ ಉಗಾದಿ ಮುಗಿದ ಮೇಲೆ ಮಂಗಳೂರಿನಿಂದ ಚಿಗವ್ವನ ಅಣ್ಣ ಬಂದ. ಒಬ್ಬನೇ ಬಂದಿದ್ದರೆ ಆಯಿ ನೀರು ಕೊಟ್ಟು ಕಳಿಸುತ್ತಿದ್ದಳು. ಅವನು ಜಾಣ, ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದಿದ್ದ. ಇರಕಲ್ಲಗಡದಲ್ಲಿ ಒಬ್ಬ ಇದ್ದಾನೆ, ಬಸವರಾಜ ಅಂತ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ, ಹೆಂಡತಿ ತೀರಿಕೊಂಡಿದ್ದಾಳೆ, ಕುಡಿತವಿಲ್ಲ. ಉಡಿಕಿ ಮಾಡಿಕೊಳ್ಳಲು ಒಪ್ಪಿದ್ದಾನೆ. ಉಡಿಕಿ ಎಂದರೆ ನಮ್ಮ ಕಡೆ ಗಂಡ ಸತ್ತವಳಿಗೆ ಮತ್ತೊಂದು ಮನೆ ಮಾಡಿಕೊಡುವ ಪದ್ಧತಿ; ಹಂದರ ಇಲ್ಲ, ಓಲಗ ಇಲ್ಲ, ಹೊಸ ಸೀರೆ ಉಡಿಸಿ ನಾಲ್ಕು ಜನರ ಮುಂದೆ ಕಳಿಸಿಬಿಡುವುದು. ಹಿರಿಯರ ಮುಂದೆ ಆಯಿ ಸೆರಗು ಹೊದ್ದು ಬಲು ದೊಡ್ಡ ಮನಸ್ಸಿನ ಮಾತಾಡಿದಳು.

"ನನಗೂ ಹೆಣ್ಣಮಕ್ಕಳು ಅದಾರ್ರಿ. ಆಕಿ ಸುಖ ನೋಡಿ ನಾ ಯಾಕ ಹೊಟ್ಟಿ ಉರ್ಕೊಳ್ಳಲಿ? ಆಗಲಿ."

ಅಣ್ಣ ಕೈಮುಗಿದ. "ಹುಡುಗನ ಅವ್ವ ಒಂದ ಫೋಟೋ ಕೇಳ್ಯಾಳ್ರಿ. ನೋಡಿ ಹೂಂ ಅಂದ್ರ ಮುಂದಿಂದು ನೀವು ಹೇಳಿದ್ದ ದಿನ."

ಸ್ಟುಡಿಯೋ ಇರುವ ಮನೆಯಲ್ಲಿ ಫೋಟೋಕ್ಕೇನು ಬರ ಎಂದು ನಿಮಗೆ ಅನ್ನಿಸಬಹುದು. ಅಲ್ಲೇ ತೊಡಕು ಇದ್ದದ್ದು. ಚಿಗವ್ವನ ಹಣೆಯ ಮೇಲೆ ಬರಿ ವಿಭೂತಿ. ಬೋಳು ಹಣೆಯ ಫೋಟೋ ಕಳಿಸಿದರೆ ಶುಭಕಾರ್ಯಕ್ಕೆ ಅಪಶಕುನ. ಫೋಟೋಕ್ಕೆಂದು ಕುಂಕುಮ ಹಚ್ಚೋಣ ಎಂದರೆ ಉಡಿಕಿ ಆಗುವ ಮೊದಲೇ ಹಚ್ಚುವಂತಿಲ್ಲ. ಹಿರಿಯರು ಅರ್ಧ ತಾಸು ಎಲೆಯಡಿಕೆ ಮೆಲ್ಲುತ್ತ ಇದನ್ನೇ ಜಗ್ಗಾಡಿದರು. ಕೊನೆಗೆ ದಾರಿ ಹುಡುಕಿದವನು ಅಪ್ಪ. ಚಿಗವ್ವ ಕುಂಕುಮ, ಹೂವು ಇಟ್ಟುಕೊಂಡ ಫೋಟೋ ಒಂದು ಇತ್ತು: ಮದುವೆಯಾದ ವಾರಕ್ಕೆ ಅಪ್ಪನೇ ತೆಗೆದ ಜೋಡಿ ಫೋಟೋ. ಹಂಸದ ಪರದೆಯ ಮುಂದೆ ಅವಳು ಕುರ್ಚಿಯಲ್ಲಿ, ಚಿಗಪ್ಪ ಪಕ್ಕದಲ್ಲಿ ನಿಂತು ಅವಳ ಹೆಗಲ ಮೇಲೆ ಕೈ ಇಟ್ಟಿದ್ದ. ಕೈ ಇಡಿಸಿದವನೂ ಅಪ್ಪನೇ.

"ತಮ್ಮನ್ನ ತಗದು ಬಿಡ್ತೀನಿ. ಆಕಿದಷ್ಟ ಉಳೀತೈತಿ," ಎಂದ ಅಪ್ಪ. ತಮ್ಮನನ್ನು ತೆಗೆದುಬಿಡುತ್ತೇನೆ ಎಂದು ಮೀಸೆ ಅಲುಗದಂತೆ ಹೇಳಿದ. ಹಿರಿಯರಿಗೂ ಅದು ಸರಿ ಕಂಡಿತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಅಷ್ಟು ಹೊತ್ತು ನಿಂತಿದ್ದು, ಆಗ ಮತ್ತೆ ಶುರುವಾಯಿತು.

ಅಪ್ಪ ಮರುದಿನವೇ ಜೋಡಿ ಫೋಟೋದ ದೊಡ್ಡ ಪ್ರತಿ ಮಾಡಿ, ರಟ್ಟು ಇಟ್ಟು ನೋಡಿ, ಪೆನ್ಸಿಲ್ಲಿನಿಂದ ಎರಡು ಗೆರೆ ಹಾಕಿದ. ಚಿಗಪ್ಪನ ಕೈ ಇದ್ದ ಹೆಗಲನ್ನು ಸ್ವಲ್ಪ ಕೊಯ್ಯಬೇಕು. ಬರಿ ಆ ಕಡೆ ಕೊಯ್ದರೆ ಅನುಮಾನ, ಅದಕ್ಕೆ ಇನ್ನೊಂದು ಹೆಗಲನ್ನೂ ಅಷ್ಟೇ ಕೊಯ್ಯಬೇಕು. ಆಗ ಮುಖ ನಟ್ಟ ನಡುವೆ ಬರುತ್ತದೆ, ನೋಡುವವರಿಗೆ ಮುಖ ಬಿಟ್ಟು ಬೇರೆ ಹೋಗುವ ಜಾಗವೇ ಇರುವುದಿಲ್ಲ. ಬಲು ಚೆಂದದ ಲೆಕ್ಕ. ಗೆರೆ ತೋರಿಸಿ, "ಒಣಗಿದ ಮ್ಯಾಲೆ ಕೊಯ್ದು ಲಕೋಟಿಗೆ ಹಾಕು, ಸಂಜಿಗೆ ಅವರಣ್ಣ ಬರ್ತಾನ" ಎಂದು ನನಗೆ ಹೇಳಿ ಹುಲಿಹೈದರಕ್ಕೆ ಒಂದು ಮದುವೆಯ ಫೋಟೋ ತೆಗೆಯಲು ಹೋದ.

ಮಧ್ಯಾಹ್ನ ಆಯಿ ಸ್ಟುಡಿಯೋಕ್ಕೆ ಬಂದಳು. ಗಿರಾಕಿ ಇಲ್ಲದಾಗಲೂ ಅವಳು ಅಲ್ಲಿಗೆ ಬರುವವಳಲ್ಲ. ಕುರ್ಚಿಯಲ್ಲಿ ಕೂತಳು.

"ಗಿರ್ಜಿ, ಶರಣಿ ಹೋದ್ರ ರೊಟ್ಟಿ ಬಡಿಯಾಕಿ ಯಾರ?"

"ಅವ್ವ."

"ನಿಮ್ಮವ್ವಗ ಉಸಿರಾಡಾಕ ಪುರಸೊತ್ತಿಲ್ಲ. ನೀನು."

"ನನಗ ಸಾಲಿ ಐತಿ."

"ಇರತೈತಿ, ಜೂನ್ ತನಕ. ಏಳನೇತ್ತ ಸಾಕು ಹೆಣ್ಣಿಗೆ. ನಿಮ್ಮಪ್ಪಗ ನಾ ಹೇಳೀನಿ, ಆತು ಅಂದಾನ."

ಅವಳು ಬೆದರಿಸುತ್ತಿರಲಿಲ್ಲ. ಬೆದರಿಸುವವರ ದನಿ ನನಗೆ ಗೊತ್ತು. ಇವಳು ಮಾಲು ತೋರಿಸುತ್ತಿದ್ದಳು. ಸಾಲೆಯಲ್ಲಿ ನಾನು ಮೊದಲ ನಂಬರಿನವಳಲ್ಲ, ಆದರೆ ಆ ಉದ್ದನೆಯ ಮನೆಯಿಂದ ಹೊರಗೆ ಬೀಳುವ ಬಾಗಿಲು ಅದೊಂದೇ ಎಂಬುದು ತಿಳಿಯುವಷ್ಟು ಬುದ್ಧಿ ಇತ್ತು. ಒಲೆಯ ಮುಂದೆ ಕೂತವರು ಏನಾಗುತ್ತಾರೆ ಎಂಬುದಕ್ಕೆ ಎರಡು ಮಾದರಿ ಮನೆಯಲ್ಲೇ ಇದ್ದವು. ಒಬ್ಬಳು ಕೆಮ್ಮುತ್ತಿದ್ದಳು, ಒಬ್ಬಳು ತಳದ ರೊಟ್ಟಿ ತಿನ್ನುತ್ತಿದ್ದಳು.

"ಆಕಿ ಹೋಗಲಿಲ್ಲ ಅಂದ್ರ?" ಎಂದು ಕೇಳಿದೆ.

ಆಯಿ ನನ್ನನ್ನು ಮೊದಲ ಸಲ ನೋಡಿದ ಹಾಗೆ ನೋಡಿದಳು. "ಹೋಗಲಿಲ್ಲಂದ್ರ ನೀ ಸಾಲಿಗೆ ಹೋಗು."

"ಹತ್ತನೇತ್ತ ಮುಗಿಯೋ ತನಕ?"

"ಹೂಂ."

"ಕಾಲೇಜಿಗೂ."

"ಭಾಳ ಆತು ನಿಂದು."

"ಹಂಗಾದ್ರ ಅಪ್ಪ ಹಾಕಿದ ಗೆರಿ ಮ್ಯಾಲ ಕೊಯ್ತೀನಿ," ಎಂದೆ.

ಆಯಿ ಹಂಸಗಳ ಕಡೆ ಮುಖ ತಿರುಗಿಸಿದಳು. "ಕಾಲೇಜಿಗೂ ಹೋಗು, ಹಾಳಾಗಿ ಹೋಗು," ಎಂದಳು. "ಏನ ಮಾಡ್ತಿ ಮಾಡು, ನನಗ ಹೇಳಬ್ಯಾಡ." ಎದ್ದು ಹೋದಳು. ಇದನ್ನು ಓದುವ ಹೆಣ್ಣುಮಕ್ಕಳಿಗೆ ಒಂದು ಮಾತು: ಎದುರಿನವರು "ನನಗೆ ಹೇಳಬೇಡ" ಅಂದರೆ ವ್ಯಾಪಾರ ಕುದುರಿತು ಅಂತ ಅರ್ಥ, ಆದರೆ ಕೆಟ್ಟರೆ ಹೆಸರು ನಿಮ್ಮದು ಅಂತಲೂ ಅರ್ಥ.

ರಟ್ಟು ತಂದು ಫೋಟೋದ ಮೇಲೆ ಇಟ್ಟೆ. ಪೂರ್ತಿ ಫೋಟೋದಲ್ಲಿ ಆ ಕೈಯನ್ನು ಯಾರೂ ನೋಡಿರಲಿಲ್ಲ. ಕಣ್ಣು ಚಿಗಪ್ಪನ ಮುಖಕ್ಕೆ ಹೋಗಿ, ಅಲ್ಲಿಂದ ಚಿಗವ್ವನ ಮುಖಕ್ಕೆ ಇಳಿದು, ಕೈ ಅವೆರಡರ ನಡುವಿನ ಸೇತುವೆಯಂತೆ ಸುಮ್ಮನೆ ಇತ್ತು. ಅಪ್ಪನ ಗೆರೆಯ ಮೇಲೆ ಇಟ್ಟೆ: ಕೈ ಇಲ್ಲ, ಮುಖವೊಂದೇ. ಒಂದಿಷ್ಟು ಸರಿಸಿದೆ: ಎರಡು ಬೆರಳ ತುದಿ ಕಂಡವು, ಸೀರೆಯ ಮೇಲಿನ ಕಲೆಯ ಹಾಗೆ, ಯಾರೂ ಗಮನಿಸುವುದಿಲ್ಲ. ಇನ್ನೂ ಸರಿಸಿದೆ: ಐದೂ ಬೆರಳು, ಉಂಗುರ, ಮುಂಗೈ, ಮಣಿಕಟ್ಟು, ಅಂಗಿಯ ಬಿಳಿ ತೋಳಿನ ಅಂಚು. ಅಲ್ಲಿಗೆ ನಿಲ್ಲಿಸಿದೆ. ಇನ್ನು ಮುಂದೆ ಹೋದರೆ ಮೊಣಕೈ ಬರುತ್ತದೆ, ಮೊಣಕೈ ಬಂದರೆ ಅದು ಒಬ್ಬ ಮನುಷ್ಯನ ಕೈ ಆಗುತ್ತದೆ, ಫೋಟೋ ತಪ್ಪಾಗಿ ಕೊಯ್ದಿದ್ದಾರೆ ಅನ್ನಿಸುತ್ತದೆ. ಮಣಿಕಟ್ಟಿಗೆ ನಿಂತರೆ ಅದು ಯಾರದೂ ಅಲ್ಲದ ಕೈ. ಹೊರಗಿನಿಂದ ಬಂದು ಹೆಗಲು ಹಿಡಿದ ಕೈ. ಬಿಳಿ ತೋಳಿಗೆ ಕಣ್ಣು ಮೊದಲು ಹೋಗುತ್ತದೆ, ಬೆರಳುಗಳು ಅವಳ ಕುತ್ತಿಗೆಯ ಕಡೆ ತೋರಿಸುತ್ತವೆ. ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಒರೆಸಿ ಕಟರ್ ಎಳೆದೆ. ಒಂದೇ ಏಟಿಗೆ ನೆಟ್ಟಗೆ ಬಂತು. ಲಕೋಟೆಗೆ ಹಾಕಿ ಬಾಯಿಗೆ ಗಂಜಿ ಹಚ್ಚಿ ಮುಚ್ಚಿದೆ. ಸಂಜೆ ಚಿಗವ್ವನ ಅಣ್ಣ ಬಂದಾಗ ಆಯಿ ಅದನ್ನು ಅವನ ಕೈಗೆ ಕೊಟ್ಟು, "ದಾರ್ಯಾಗ ಒಡಿಬ್ಯಾಡ್ರಿ, ಅವರ ಮನ್ಯಾಗ ದೇವರ ಮುಂದ ಇಟ್ಟು ಒಡೀರಿ" ಎಂದಳು. ಕೊಯ್ದು ಉಳಿದ ತುಂಡಿನಲ್ಲಿ ಚಿಗಪ್ಪ ಇದ್ದ, ತೋಳು ಚಾಚಿಕೊಂಡು, ಕೈಯಿಲ್ಲದೆ. ಅದನ್ನು ಒಲೆಗೆ ಹಾಕಿದೆ.

ಮುಂದಿನ ಎಂಟು ದಿನ ಚಿಗವ್ವ ಮನೆಯಲ್ಲಿ ಬೇರೆ ಹೆಜ್ಜೆ ಹಾಕುತ್ತಿದ್ದಳು. ಬೆರಳ ಬಿರುಕಿಗೆ ಬೆಣ್ಣೆ ಹಚ್ಚಿಕೊಂಡು ಮಲಗುವಳು. ಒಂದು ಸಲ ತಟ್ಟೆ ತಿಕ್ಕುತ್ತ ನನ್ನನ್ನು ಕೇಳಿದಳು.

"ಗಿರಿಜವ್ವ, ಛಲೋ ಬಂದೈತೇನ ಫೋಟೋ?"

"ಭಾಳ ಛಲೋ ಬಂದೈತಿ."

"ಮುಖ ಕಪ್ಪಗೇನು ಬಂದಿಲ್ಲಲ್ಲ?"

"ಬೆಳ್ಳಗ ಬಂದೈತಿ."

ಅವಳು ತುಟಿ ಕಚ್ಚಿ ನಗು ಹಿಡಿದುಕೊಂಡಳು. ನನಗೆ ಆಗ ಹೊಟ್ಟೆಯಲ್ಲಿ ಏನೋ ಹಿಂಡಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಲಕೋಟೆ ಇರಕಲ್ಲಗಡ ಮುಟ್ಟಿತೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಒಂಬತ್ತನೇ ದಿನ ಅಣ್ಣ ಬಂದು ಫೋಟೋವನ್ನು ಆಯಿಯ ಮಂಚದ ಮೇಲೆ ಎಸೆದ. ಅಪ್ಪನೂ ಮನೆಯಲ್ಲಿದ್ದ.

"ಏನ್ರಿ ಇದು? ಹುಡುಗನ ಅವ್ವ ನೋಡಿದಾಕಿನ ಚಿಟ್ಟನ ಚೀರಿದಳು. ಸತ್ತಾಂವ ಇನ್ನೂ ಹೆಗಲ ಬಿಟ್ಟಿಲ್ಲ, ಆಕಿ ಜೋಡಿ ಅವನೂ ಬರ್ತಾನ ನಮ್ಮನಿಗೆ ಅಂತಾಳ. ಹತ್ತು ಮಂದಿ ಕುಂತಿದ್ರು. ತಲಿ ಎತ್ತಲಾರದಂಗ ಆತು."

ಆಯಿ ಫೋಟೋ ಎತ್ತಿಕೊಂಡು ನೋಡಿ, ಎದೆಗೆ ಒತ್ತಿಕೊಂಡು, "ನನ್ನ ಮಗನ ಕೈ ಐತೋ ಯಪ್ಪಾ" ಎಂದು ಅಳತೊಡಗಿದಳು. ಆ ಅಳು ಖರೇನೇ ಇತ್ತು. ಅದು ನನಗೆ ಬಲು ಸೋಜಿಗ ಎನಿಸಿತು. ಒಂದೇ ವಸ್ತುವಿನಿಂದ ಎರಡು ಕೆಲಸ ತೆಗೆಯುವುದನ್ನು ನಾನು ಅವಳಿಂದ ಕಲಿತೆ. ಚಿಗವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಯಾರೂ ಅವಳ ಕೈಗೆ ಫೋಟೋ ಕೊಡಲಿಲ್ಲ. ಅಪ್ಪ ಆಯಿಯ ಕೈಯಿಂದ ಅದನ್ನು ಬಿಡಿಸಿಕೊಂಡು ಸ್ಟುಡಿಯೋದ ಬೆಳಕಿಗೆ ಒಯ್ದ, ನಾನು ಹಿಂದೆ ಹೋದೆ. ಅಡಿಪಟ್ಟಿ ಎತ್ತಿಕೊಂಡ. ನಾನು ಕೈ ಮುಂದೆ ಚಾಚಿದೆ. ಅವನು ಹೊಡೆಯಲಿಲ್ಲ, ಪಟ್ಟಿಯನ್ನು ಫೋಟೋದ ಅಂಚಿಗೆ ಹಿಡಿದು ನೋಡಿದ.

"ಕೊಯ್ತ ನೆಟ್ಟಗೈತಿ," ಎಂದ.

"ಮತ್ತೊಂದ ಮಾಡಿ ಕಳಸ್ತಿಯೇನಪ್ಪಾ?"

"ಒಮ್ಮಿ ನೋಡಿದ ಕಣ್ಣು ತಿರುಗಿ ಬರಂಗಿಲ್ಲ." ಪಟ್ಟಿ ಕೆಳಗಿಟ್ಟು, "ಮಣಿಕಟ್ಟಿಗೆ ನಿಲ್ಲಿಸಬೇಕಂತ ಯಾರ ಹೇಳಿಕೊಟ್ರು?" ಎಂದು ಕೇಳಿದ. ಯಾರೂ ಇಲ್ಲ ಎಂದೆ. ಅಂದಿನಿಂದ ಅವನು ಪೆನ್ಸಿಲ್ಲಿನಿಂದ ಗೆರೆ ಹಾಕಿಕೊಡುವುದನ್ನು ಬಿಟ್ಟ. ನೀನೇ ನೋಡಿ ಕೊಯ್ಯಿ, ಎನ್ನುತ್ತಿದ್ದ. ನನಗೆ ಬಂದ ಮೊದಲ ಬಹುಮಾನ ಅದು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನೆಲ್ಲ ಆಯಿಯ ಹೆಸರಿಗೆ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಹದಿನೈದು ದಿನ ಬಿಟ್ಟು ಒಂದು ಬೆಳಿಗ್ಗೆ, ಅಪ್ಪ ಫೋಟೋದ ಔಷಧ ತರಲು ಕೊಪ್ಪಳಕ್ಕೆ ಹೋದಾಗ, ಆಯಿ ಮಠಕ್ಕೆ ಹೋದಾಗ, ಸ್ಟುಡಿಯೋಕ್ಕೆ ಒಬ್ಬ ಬಂದ. ಉದ್ದನೆಯ ಮನುಷ್ಯ, ಅಂಗಿಯ ಮಡಿಕೆಯಲ್ಲಿ ಅಕ್ಕಿಯ ತೌಡು. ಕುರ್ಚಿಯಲ್ಲಿ ಕೂಡಲಿಲ್ಲ.

"ತಂಗಿ, ನಾ ಇರಕಲ್ಲಗಡದಾಂವ. ಬಸವರಾಜ ಅಂತ. ನಿಮ್ಮಪ್ಪಾರ ಅದಾರೇನು?"

"ಇಲ್ರಿ. ಊರಿಗೆ ಹೋಗ್ಯಾರ."

ಅವನು ಬಾಗಿಲ ಕಡೆ, ಆಮೇಲೆ ಪಡಸಾಲೆಯ ಪರದೆಯ ಕಡೆ ನೋಡಿ ದನಿ ತಗ್ಗಿಸಿದ.

"ಆ ಫೋಟೋ ನಾ ಮೊದಲ ನೋಡಿದಾಗ ನನಗ ಕೈ ಕಾಣಲಿಲ್ಲವಾ. ಮುಖಾನ ಕಂಡಿದ್ದು. ನಮ್ಮವ್ವ ಬೆರಳ ಇಟ್ಟು ತೋರಿಸಿದ ಮ್ಯಾಲ ಕೈ ಕಂಡಿತು. ನನಗೇನ ಅಡ್ಡಿ ಇಲ್ಲ. ನಮ್ಮವ್ವಗ ಕೈ ಇಲ್ಲದ್ದೊಂದು ತೋರಿಸಿದ್ರ ಒಪ್ಪತಾಳ, ನಾ ಒಪ್ಪಸ್ತೀನಿ. ಒಂದ ಮಾಡಿ ಕೊಡ್ತೀರೇನು?"

ನಾನು ಅಷ್ಟು ಲೆಕ್ಕ ಹಾಕಿ ಎಳೆದ ದಾರಿಯಲ್ಲಿ ಇವನ ಕಣ್ಣು ಹೋಗಿರಲಿಲ್ಲ. ಬಿಳಿ ತೋಳು ಬಿಟ್ಟು, ಉಂಗುರ ಬಿಟ್ಟು, ನೇರ ಮುಖಕ್ಕೆ ಹೋಗಿತ್ತು. ಅಂಥವರು ಸಾವಿರಕ್ಕೊಬ್ಬರು ಇರುತ್ತಾರೆ. ಇಷ್ಟು ವರ್ಷದ ಕಸುಬಿನಲ್ಲಿ ನಾನು ಅಂಥವರನ್ನು ಮತ್ತೆ ಕಂಡಿಲ್ಲ. ಪಡಸಾಲೆಯ ಪರದೆಯ ಕೆಳಗೆ ಎರಡು ಪಾದ ಕಂಡವು. ಸಗಣಿ ಬಳಿದ ಪಾದ, ಕಾಲುಂಗುರ ತೆಗೆದ ಬೆರಳು. ಅವು ಅಲುಗಲಿಲ್ಲ. ಅಪ್ಪನ ಡಬ್ಬಿಯಲ್ಲಿ ಜೋಡಿ ಫೋಟೋದ ನೆಗೆಟಿವ್ ಇತ್ತು. ಅಪ್ಪ ಬಂದರೆ ಒಂದು ತಾಸಿನ ಕೆಲಸ. ಜೂನಿಗೆ ಇನ್ನು ಮೂರು ವಾರ ಉಳಿದಿತ್ತು.

"ನೆಗೆಟಿವ್ ಕೆಟ್ಟು ಹೋಗೈತ್ರಿ," ಎಂದೆ. "ಇದ್ರೂ ಆಗಂಗಿಲ್ರಿ. ಕೈ ತಗೀಬೇಕಂದ್ರ ಹೆಗಲು ತಗೀಬೇಕು. ಒಂದ ಹೆಗಲಿನ ಹೆಣ್ಣಮಗಳ ಫೋಟೋ ಒಯ್ದು ನಿಮ್ಮವ್ವಗ ತೋರಸ್ತೀರೇನು?"

ಎರಡೂ ಹೆಗಲು ಕೊಯ್ಯಬಹುದೆಂದು ಅವನಿಗೆ ಹೇಗೆ ಹೊಳೆಯಬೇಕು? ಗಿರಣಿಯವನು. "ಆಕಿನ್ನ ಒಂದ ಮಾತು ಕೇಳಬಹುದೇನು, ಆಕಿ ಮನಸ್ಸಿನಾಗ ಏನೈತಿ ಅಂತ?" ಎಂದ.

"ಆಕಿನ ಅಂದಾಳ್ರಿ, ಗಂಡನ ಕೈ ಬಿಟ್ಟು ಬರಂಗಿಲ್ಲಂತ," ಎಂದೆ.

ಪರದೆಯ ಕೆಳಗಿನ ಪಾದಗಳು ಒಂದರ ಮೇಲೊಂದು ಬಂದವು, ಚಳಿಯಾದಾಗ ನಿಲ್ಲುವ ಹಾಗೆ. ಅವಳು ಆ ಪರದೆ ಸರಿಸಿ ಒಂದು ಮಾತು ಆಡಿದ್ದರೆ ನನ್ನ ವ್ಯಾಪಾರ ಅಲ್ಲೇ ಮುರಿದು ಬೀಳುತ್ತಿತ್ತು. ಆದರೆ ನೋಡಬಂದ ಗಂಡಿನ ಮುಂದೆ ಕರೆಯದೆ ಬರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅದನ್ನು ನಾನು ಲೆಕ್ಕಕ್ಕೆ ಹಿಡಿದೇ ಮಾತಾಡಿದ್ದೆ. ಬಸವರಾಜ "ಆತವ್ವಾ" ಎಂದು ಮೆಟ್ಟಿಲಿಳಿದು ಹೋದ. ಆ ಬೇಸಿಗೆಯಲ್ಲೇ ಅವನಿಗೆ ಬೇರೆ ಕಡೆ ಮದುವೆ ಆಯಿತು.

ಒಳಗೆ ಹೋದಾಗ ಚಿಗವ್ವ ಒಲೆಯ ಮುಂದೆ ಕೂತಿದ್ದಳು. ಹೊಡೆಯುತ್ತಾಳೆ, ಇಲ್ಲ ಅಳುತ್ತಾಳೆ ಎಂದುಕೊಂಡು ಎರಡಕ್ಕೂ ತಯಾರಾಗಿ ಹೋಗಿದ್ದೆ. ಅವಳು ಹಿಟ್ಟು ನಾದುತ್ತಿದ್ದಳು.

"ಸಾಲಿ ಬಿಡಸ್ತೀನಿ ಅಂದಿದ್ರೇನು ಅತ್ತಿ?"

"ಹೂಂ."

"ಅದಕ್ಕ ಮಾಡಿದಿ?"

"ಹೂಂ."

ಅವಳು ಹಿಟ್ಟನ್ನು ಮುದ್ದೆ ಮಾಡಿ, ಮಣೆಯ ಮೇಲೆ ಇಟ್ಟು, ತಟ್ಟಿ, ತಿರುಗಿಸಿ, ಹೆಂಚಿಗೆ ಹಾಕಿ ನೀರು ಸವರಿದಳು. ಆ ರೊಟ್ಟಿ ಉಬ್ಬಿತು.

"ನನ್ನ ಕೇಳಬೇಕಿತ್ತು ನೀನು," ಎಂದಳು. "ಕೇಳಿದ್ರ ಕೊಡ್ತಿದ್ದೆನೋ ಇಲ್ಲೋ, ಆ ಮಾತು ಬ್ಯಾರೆ. ಕೇಳಬೇಕಿತ್ತು."

ಆಮೇಲೆ ಅವಳು ಈ ವಿಷಯ ಎತ್ತಲಿಲ್ಲ. ಆಯಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಜೂನ್ ಬಂತು, ಎಂಟನೇ ಇಯತ್ತೆಗೆ ಹೆಸರು ಹಚ್ಚಿದೆ. ಆಗ ಶುರುವಾಯಿತು ಅವಳದು. ಬೆಳಿಗ್ಗೆ ನಾನು ಏಳುವ ಮೊದಲೇ ನನ್ನ ಚೀಲ ಬಾಗಿಲಲ್ಲಿ ಇರುತ್ತಿತ್ತು. ಓದುವಾಗ ತೂಕಡಿಸಿದರೆ ಒಲೆ ಊದುವ ಕೊಳವೆ ಬೆನ್ನಿಗೆ ತಾಗುತ್ತಿತ್ತು. ಪರೀಕ್ಷೆಯ ಅಂಕಪಟ್ಟಿ ಬಂದ ದಿನ, ಅಕ್ಷರ ಬಾರದ ಅವಳು ಅದನ್ನು ಓಣಿಯ ಮಾಸ್ತರರ ಹೆಂಡತಿಯ ಕೈಯಲ್ಲಿ ಓದಿಸಿಕೊಂಡು ಬರುತ್ತಿದ್ದಳು, ನನ್ನ ಮಾತನ್ನು ನಂಬದೆ. ಗಣಿತದಲ್ಲಿ ಕಡಿಮೆ ಬಿದ್ದ ತಿಂಗಳು ನನಗೆ ಮೂರು ದಿನ ತಳದ ರೊಟ್ಟಿ ಬಂತು. ಆಯಿ ಮಂಚದಿಂದ, "ಏನ ಶರಣಿ, ಹೆತ್ತಾಕಿಕಿಂತ ಹೆಚ್ಚಿಗಿ ಆತಲ್ಲ ನಿಂದು" ಎಂದು ಚುಚ್ಚಿದರೆ ಇವಳು, "ಹೌದ್ರಿ ಅತ್ತಿ, ಹೆಚ್ಚಿಗಿನ ಬಿದ್ದೈತಿ ನನಗ" ಎಂದಳು. ಆಯಿಗೆ ಆ ಮಾತು ತಿಳಿಯಿತು.

ಆ ವರ್ಷದ ಶ್ರಾವಣದಲ್ಲಿ ನನಗೆ ಜ್ವರ ಬಂತು. ಮೈ ಕೆಂಡ, ಕಣ್ಣು ಬಿಟ್ಟರೆ ಜಂತಿ ತಿರುಗುತ್ತಿತ್ತು. ಕಂಬಳಿ ಹೊದ್ದು ಮಲಗಿದ್ದೆ. ಚಿಗವ್ವ ಬಂದು ಕಂಬಳಿ ಎಳೆದಳು.

"ಏಳು. ಸಾಲಿಗೆ ಹೊತ್ತಾತು."

"ಜ್ವರ ಬಂದಾವ ಚಿಗವ್ವ."

"ಬರಲಿ."

ಗೋಡೆಯ ಮರೆಯಿಂದ ಅವ್ವ ಕೆಮ್ಮುತ್ತ, "ಏ ಶರಣವ್ವ, ಕೂಸು ಸುಡಾಕ ಹತ್ತೈತಿ, ಒಂದ ದಿನ ಬಿಡು" ಎಂದಳು. ಚಿಗವ್ವ ಕೇಳಿಸಿಕೊಳ್ಳಲಿಲ್ಲ. ನನ್ನ ರೆಟ್ಟೆ ಹಿಡಿದು ಎಬ್ಬಿಸಿ, ಮುಖಕ್ಕೆ ತಣ್ಣೀರು ಎರಚಿ, ಬೀದಿ ಬಾಗಿಲ ತನಕ ಎಳೆದು ತಂದು ಚೀಲ ಕೊರಳಿಗೆ ಹಾಕಿದಳು.

"ನನ್ನ ಕೈಲೆ ಆಗಂಗಿಲ್ಲ ಚಿಗವ್ವ," ಎಂದು ಅತ್ತೆ.

"ಆ ಸಾಲಿ ನಿಂದೊಬ್ಬಾಕಿದಲ್ಲ," ಎಂದಳು. "ನಡಿ."

ನಡೆದೆ. ಓಣಿಯ ಗೋಡೆ ಹಿಡಿದುಕೊಂಡು ನಡೆದೆ, ಎರಡು ಕಡೆ ಕೂತು ಎದ್ದೆ. ಹಿಂದೆ ಅವಳು ನಿಂತಿದ್ದಾಳೋ ಒಳಗೆ ಹೋದಳೋ ತಿಳಿಯಲಿಲ್ಲ. ತಿರುಗಿ ನೋಡುವಷ್ಟು ಧೈರ್ಯ ನನಗೆ ಇರಲಿಲ್ಲ.